ಆರ್ಡಿಸ್ ಕ್ರೋಕರ್ ತಡ ಮಾಡಿದ ಹತ್ತು ನಿಮಿಷ

ಆರ್ಡಿಸ್ ಕ್ರೋಕರ್ ಕಾನ್ಸಾಸ್ ರಾಜ್ಯದ ಕೋಲ್ಮರ್ ಕಾಲೇಜಿಗೆ ಬಂದದ್ದು ಟೈಪಿಂಗ್ ಕಲಿಸುವುದಕ್ಕೆ. 1977ರ ಆಗಸ್ಟ್ ತಿಂಗಳು. ಕೆಲಸಕ್ಕೆ ಸೇರಿದ ಮೂರನೆಯ ದಿನ ಕಾಲೇಜಿನ ಅಧ್ಯಕ್ಷರು ಅವರನ್ನು ತಮ್ಮ ಕೋಣೆಗೆ ಕರೆಸಿದರು.

"ನಿಮ್ಮ ಅರ್ಜಿಯಲ್ಲಿ ಹವ್ಯಾಸ ಅನ್ನೋ ಕಡೆ ಗಾಲ್ಫ್ ಅಂತ ಬರ್ದಿದೀರಲ್ಲ. ನಿಜವಾಗ್ಲೂ ಆಡ್ತೀರಾ, ಇಲ್ಲ ಜಾಗ ಖಾಲಿ ಇತ್ತು ಅಂತ ಬರೆದ್ರಾ?"

"ಆಡ್ತೀನಿ ಸರ್. ಅಪ್ಪ ಕಲಿಸಿದ್ದು."

"ಹಾಗಾದ್ರೆ ನಾಳೆಯಿಂದ ಹುಡುಗಿಯರ ತಂಡ ನಿಮ್ಮದು. ಹುಡುಗರಿಗಿರೋವಷ್ಟು ಆಟ ಹುಡುಗಿಯರಿಗೂ ಇರ್ಬೇಕು ಅಂತ ಸರ್ಕಾರ ಕಾನೂನು ಮಾಡಿ ಕೂತಿದೆ."

"ತಂಡದಲ್ಲಿ ಎಷ್ಟು ಜನ ಇದಾರೆ ಸರ್?"

"ಅದನ್ನ ನೀವೇ ಹುಡುಕ್ಕೋಬೇಕು."

ಈ ಮಾತುಕತೆಯನ್ನು ಅವರು ನಮಗೆ ವ್ಯಾನಿನಲ್ಲಿ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಅಧ್ಯಕ್ಷರು ಮಾತಿನ ನಡುವೆ ಕೆಮ್ಮುತ್ತಿದ್ದದ್ದನ್ನೂ ಅನುಕರಿಸಿ ತೋರಿಸುತ್ತಿದ್ದರು. ನಾನು ಅವರ ಕೊನೆಯ ತಂಡದಲ್ಲಿ ಆಡಿದವಳು, ತಂಡದ ಐದನೆಯವಳು. ಕಾಲೇಜು ಗಾಲ್ಫಿನಲ್ಲಿ ಐದು ಜನ ಆಡುತ್ತಾರೆ. ಅವರಲ್ಲಿ ಅತಿ ಕಡಿಮೆ ಹೊಡೆತಗಳಲ್ಲಿ ಆಟ ಮುಗಿಸಿದ ನಾಲ್ವರದ್ದು ಮಾತ್ರ ತಂಡದ ಮೊತ್ತಕ್ಕೆ ಸೇರುತ್ತದೆ, ಐದನೆಯವಳದ್ದು ಬಿಟ್ಟುಹೋಗುತ್ತದೆ. ಹೆಚ್ಚಿನ ವಾರಗಳಲ್ಲಿ ಬಿಟ್ಟುಹೋಗುತ್ತಿದ್ದದ್ದು ನನ್ನದು. ದನದ ಕೊಟ್ಟಿಗೆಯಲ್ಲಿ ಹಾಲು ಕರೆದು ಬೆಳೆದವಳು ನಾನು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರು ಬೇರೆ ಯಾರೂ ಇಲ್ಲ. ಆರ್ಡಿಸ್ ಕರೆದು ತಂಡಕ್ಕೆ ಸೇರಿಸಿಕೊಳ್ಳದಿದ್ದರೆ ನಾನೂ ಹತ್ತುತ್ತಿರಲಿಲ್ಲ. ಆದ್ದರಿಂದ ಅವರ ಬಗ್ಗೆ ಬರೆಯುವಾಗ ನನಗೆ ಪ್ರೀತಿ ಅಡ್ಡ ಬರುವುದು ಸಹಜ. ಆದರೂ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮೊದಲ ವರ್ಷ ಅವರಿಗೆ ಸಿಕ್ಕಿದ್ದು ನಾಲ್ಕು ಹುಡುಗಿಯರು. ಒಬ್ಬಳು ಬ್ಯಾಸ್ಕೆಟ್‌ಬಾಲ್ ತಂಡದವರು ಬೇಡವೆಂದು ಬಿಟ್ಟವಳು, ಒಬ್ಬಳು ಪಾದ್ರಿಯ ಮಗಳು, ಇನ್ನಿಬ್ಬರು ಟೈಪಿಂಗ್ ತರಗತಿಯಲ್ಲಿ ಹಿಂದೆ ಬಿದ್ದವರು. ತಂಡದ ಲಂಗಗಳನ್ನು ಆರ್ಡಿಸ್ ಅವರ ತಾಯಿ ಮನೆಯಲ್ಲೇ ಹೊಲಿದುಕೊಟ್ಟರು. ವ್ಯಾನು ಕುಸ್ತಿ ತಂಡದ್ದು. ಮುಂದಿನ ವರ್ಷಗಳಲ್ಲಿ ವ್ಯಾನು ಮೂರು ಸಲ ಬದಲಾಯಿತು, ಕುಸ್ತಿಯವರ ಬೆವರಿನ ವಾಸನೆ ಮಾತ್ರ ಬದಲಾಗಲಿಲ್ಲ. ಫೆಬ್ರವರಿಯಲ್ಲಿ ಮೈದಾನವೆಲ್ಲ ಹಿಮ ಬಿದ್ದು ಗಟ್ಟಿಯಾಗಿರುತ್ತಿತ್ತು. ಆಗ ವ್ಯಾಯಾಮಶಾಲೆಯ ಮೂಲೆಯಲ್ಲಿ ಹಳೆಯ ರತ್ನಗಂಬಳಿಗಳನ್ನು ತೂಗುಹಾಕಿ ಅದಕ್ಕೆ ಚೆಂಡು ಹೊಡೆಸುತ್ತಿದ್ದರು. ಮಾರ್ಚ್ ಬಂದರೆ ಗಾಳಿ. "ಗಾಳಿ ನಿಲ್ಲಲಿ ಅಂತ ಕಾಯೋರು ಕಾನ್ಸಾಸ್ ಬಿಟ್ಟು ಬೇರೆ ಕಡೆ ಮದುವೆಯಾಗಿ ಹೋಗ್ರಮ್ಮ" ಎನ್ನುತ್ತಿದ್ದರು.

ಅವರಿಗೆ ಮದುವೆಯಾಗಲಿಲ್ಲ. ಪಕ್ಕದ ಊರಿನಲ್ಲಿ ಟ್ರ್ಯಾಕ್ಟರ್ ಮಾರುತ್ತಿದ್ದ ವರ್ನನ್ ಎಂಬವರು ಹನ್ನೊಂದು ವರ್ಷ ಕಾದು, ಕೊನೆಗೆ ಒಬ್ಬ ವಿಧವೆಯನ್ನು ಮದುವೆಯಾದರು. ತಂಡದ ಯಾರೋ ಒಬ್ಬಳು ಧೈರ್ಯ ಮಾಡಿ ಆ ವಿಷಯ ಎತ್ತಿದಾಗ ಆರ್ಡಿಸ್ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದ್ದರು: "ವರ್ನನ್‌ಗೆ ಶನಿವಾರಗಳು ಬೇಕಾಗಿದ್ವು. ನನ್ನ ಶನಿವಾರಗಳನ್ನ ನಿಮಗಿಂತ ಮೊದಲು ಆಡಿದ ನಿಮ್ಮ ಅಕ್ಕಂದಿರು ತಗೊಂಡಿದ್ರು."

ಗಾಲ್ಫಿನಲ್ಲಿ ಆಟಗಾರ್ತಿಯ ಹಿಂದೆ ತೀರ್ಪುಗಾರರು ಬರುವುದಿಲ್ಲ. ಜೊತೆಯಲ್ಲಿ ಆಡುವ ಎದುರಾಳಿ ಹುಡುಗಿ ನಿನ್ನ ಹೊಡೆತಗಳನ್ನು ಬರೆದುಕೊಳ್ಳುತ್ತಾಳೆ, ನೀನು ಅವಳದ್ದನ್ನು. ಆಟ ಮುಗಿದ ಮೇಲೆ ಮೇಜಿನ ಮುಂದೆ ಕೂತು ಇಬ್ಬರೂ ತಾಳೆ ನೋಡಿ ಕಾರ್ಡಿಗೆ ಸಹಿ ಹಾಕಬೇಕು. ಯಾರೂ ನೋಡದೆ ಆದ ತಪ್ಪನ್ನು ತಾನೇ ಹೇಳಿಕೊಂಡು ದಂಡದ ಹೊಡೆತ ಸೇರಿಸಿಕೊಳ್ಳುವುದು ಆಟಗಾರ್ತಿಯ ಜವಾಬ್ದಾರಿ. ಇದನ್ನು ಹುಡುಗಿಯರಿಗೆ ರೂಢಿ ಮಾಡಿಸಲು ಆರ್ಡಿಸ್ ಒಂದು ಪದ್ಧತಿ ಇಟ್ಟಿದ್ದರು. ಅಭ್ಯಾಸದ ದಿನ ತನ್ನ ತಪ್ಪು ತಾನೇ ಹೇಳಿಕೊಂಡವಳಿಗೆ ಅವತ್ತು ವ್ಯಾನು ಗುಡಿಸುವ ಕೆಲಸ ಮಾಫಿ. ನಾವು ಇದನ್ನು ಚೆನ್ನಾಗಿಯೇ ದುರುಪಯೋಗ ಮಾಡಿಕೊಂಡೆವು.

"ಕೋಚ್, ಏಳನೇ ಗುಳೀಲಿ ಹೊಡೆಯೋಕೆ ಮೊದಲೇ ನನ್ನ ಚೆಂಡು ಅಲ್ಲಾಡಿದ ಹಾಗಾಯ್ತು."

"ಅಲ್ಲಾಡ್ತಾ, ಅಲ್ಲಾಡಿದ ಹಾಗಾಯ್ತಾ?"

"ಅಲ್ಲಾಡ್ತು ಅಂದ್ಕೋತೀನಿ ಕೋಚ್."

"ಪೊರಕೆ ಸೀಟಿನ ಕೆಳಗಿದೆ, ಲೀಟಾ. ತಪ್ಪಿಗೆ ಮಾಫಿ ಉಂಟು, ಸೋಮಾರಿತನಕ್ಕಿಲ್ಲ."

ಲೀಟಾ ಎಂದರೆ ನಾನೇ.

ಆರ್ಡಿಸ್ ಹುಟ್ಟಿದ್ದು ಲಾರ್ಕಿನ್ ಎಂಬ ಪುಟ್ಟ ಊರಿನಲ್ಲಿ. ಒಂದು ಧಾನ್ಯದ ಉಗ್ರಾಣ, ಒಂದು ಚರ್ಚು, ಊರಾಚೆ ಒಂಬತ್ತು ಗುಳಿಗಳ ಒಂದು ಗಾಲ್ಫ್ ಮೈದಾನ, ಇಷ್ಟೇ. ಅಲ್ಲಿ ನೀರು ಸಾಲದು. ಗುಳಿಯ ಸುತ್ತ ಬೇರೆ ಕಡೆ ನುಣ್ಣನೆ ಹುಲ್ಲು ಇರುವಲ್ಲಿ ಲಾರ್ಕಿನ್‌ನವರು ಮರಳು ಹಾಸಿದ್ದರು. ಗಾಳಿಗೆ ಹಾರದಿರಲೆಂದು ಅದಕ್ಕೆ ಟ್ರ್ಯಾಕ್ಟರಿನ ಹಳೆಯ ಎಣ್ಣೆ ಕಲೆಸಿರುತ್ತಿದ್ದರು. ಪ್ರತಿ ಗುಳಿಯ ಬಳಿಯೂ ಉದ್ದ ಹಿಡಿಯ ಒಂದು ಕಬ್ಬಿಣದ ಪಟ್ಟಿ ಬಿದ್ದಿರುತ್ತಿತ್ತು, ಹೊಲ ಮಟ್ಟ ಮಾಡುವ ಕೊರಡಿನ ಹಾಗೆ. ಚೆಂಡನ್ನು ಗುಳಿಗೆ ತಳ್ಳುವ ಮೊದಲು ಅದನ್ನು ಮರಳಿನ ಮೇಲೆ ಒಮ್ಮೆ ಎಳೆದು ದಾರಿ ನುಣ್ಣಗೆ ಮಾಡಿಕೊಳ್ಳಬೇಕು. ಲಾರ್ಕಿನ್‌ನ ಮಕ್ಕಳು ನಡೆಯಲು ಕಲಿತ ಕೂಡಲೇ ಕಲಿಯುವ ಕೆಲಸ ಅದು. ಮರಳು ಕಂಡರೆ ಅವರ ಬೆನ್ನು ತಾನಾಗಿ ಬಾಗುತ್ತದೆ.

2005ರಲ್ಲಿ ಅದೇ ಲಾರ್ಕಿನ್‌ನಿಂದ ಮಾರ್ನಿ ವೋಥ್ ಬಂದಳು. ಉಗ್ರಾಣದ ತೂಕದ ಮನೆಯಲ್ಲಿ ಕೆಲಸ ಮಾಡುವ ತಂದೆಯ ಮಗಳು, ಹದಿನೆಂಟು ವರ್ಷ, ಅಗಲವಾದ ಭುಜ, ಹಲ್ಲಿನ ನಡುವೆ ಸಂದು. ಅಷ್ಟು ಚೆನ್ನಾಗಿ ಚೆಂಡು ಹೊಡೆಯುವ ಹುಡುಗಿಯನ್ನು ಕೋಲ್ಮರ್ ಅದಕ್ಕೆ ಮೊದಲು ಕಂಡಿರಲಿಲ್ಲ. ದೊಡ್ಡ ವಿಶ್ವವಿದ್ಯಾಲಯದವರು ಯಾರೂ ಮರಳಿನ ಮೈದಾನಕ್ಕೆ ಬಂದು ನೋಡುವುದಿಲ್ಲವಾದ್ದರಿಂದ ಅವಳು ನಮಗೆ ಸಿಕ್ಕಳು. ಆರ್ಡಿಸ್ ಅವಳನ್ನು ನೋಡುತ್ತ ನಿಂತರೆ ಮುಖದ ಮೇಲೆ ಏನೋ ಒಂದು ಬರುತ್ತಿತ್ತು. ನಮಗೆ ಹೊಟ್ಟೆಕಿಚ್ಚಾಗದಿರಲಿಲ್ಲ.

ಒಂದು ತೊಂದರೆ ಇತ್ತು. ಸಾಧಾರಣ ಮೈದಾನಗಳಲ್ಲಿ ಮರಳು ಇರುವುದು ಗುಳಿಯ ಸುತ್ತ ಅಲ್ಲ, ಚೆಂಡು ಬಿದ್ದರೆ ಕಷ್ಟವಾಗಲಿ ಎಂದು ತೋಡಿದ ಗುಂಡಿಗಳಲ್ಲಿ. ಅಲ್ಲಿ ಹೊಡೆಯುವ ಮೊದಲು ಮರಳನ್ನು ಸವರುವ ಹಾಗಿಲ್ಲ. ಸವರಿದರೆ ಎರಡು ಹೊಡೆತ ದಂಡ. ಹೊಡೆದ ಮೇಲೆ ಮಾತ್ರ ಪಕ್ಕದಲ್ಲಿಟ್ಟ ಹಲುಬೆ, ಅಂದರೆ ತುದಿಗೆ ಹಲ್ಲುಗಳಿರುವ ಕೋಲು, ಎಳೆದು ಹೆಜ್ಜೆ ಗುರುತು ಅಳಿಸಿ ಬರಬೇಕು. ಮಾರ್ನಿ ಆ ಶರತ್ಕಾಲದಲ್ಲಿ ಎರಡು ಸಲ ಮೊದಲೇ ಹಲುಬೆ ಎಳೆದು, ಆಮೇಲೆ ನಾಲಿಗೆ ಕಚ್ಚಿಕೊಂಡು ಓಡಿಬಂದಳು.

"ಕೋಚ್, ಮತ್ತೆ ಎಳ್ದುಬಿಟ್ಟೆ!"

"ನೀನು ಗುಂಡಿಗಿಳಿದಾಗ ಕೈ ಕಟ್ಟಿಹಾಕ್ಬೇಕು ನೋಡು. ನನ್ನ ಅಪ್ಪನೂ ಹೀಗೇ. ಸಮುದ್ರ ತೋರಿಸೋಣ ಅಂತ ಕರ್ಕೊಂಡು ಹೋದ್ರೆ ದಡ ಸಮ ಮಾಡ್ತಾ ಕೂತಿದ್ದ."

ಎಲ್ಲರೂ ನಕ್ಕೆವು. ಆ ವಾರವೆಲ್ಲ ಮಾರ್ನಿ ವ್ಯಾನು ಗುಡಿಸಲಿಲ್ಲ.

ಮುಂದಿನ ಮಾರ್ಚಿನಲ್ಲಿ ಕಾಲೇಜಿನ ಕ್ರೀಡಾ ನಿರ್ದೇಶಕ ರಾಯ್ಸ್ ಟಿಲ್ಮನ್ ಆರ್ಡಿಸ್ ಅವರನ್ನು ಕರೆಸಿದರು. ಟಿಲ್ಮನ್ ಒಂದು ಕಾಲದಲ್ಲಿ ಅವರ ಟೈಪಿಂಗ್ ವಿದ್ಯಾರ್ಥಿ.

"ಮೇಡಂ, ನಿಮ್ಮ ಹತ್ರ ಸುತ್ತಿಬಳಸಿ ಹೇಳಲ್ಲ. ಮೇ ತಿಂಗಳಲ್ಲಿ ಆಡಳಿತ ಮಂಡಳಿ ಸೇರುತ್ತೆ. ಎರಡು ತಂಡ ಮುಚ್ಬೇಕು ಅಂತಿದಾರೆ. ಒಂದು ಟೆನಿಸ್."

"ಇನ್ನೊಂದು ನಂದು."

"ನೀವು ಕೊನೇ ಸಲ ಗೆದ್ದಿದ್ದು ಯಾವಾಗ?"

"ತೊಂಬತ್ತೊಂದರಲ್ಲಿ."

"ಈ ಏಪ್ರಿಲ್‌ನ ಪಂದ್ಯಾವಳಿ ಗೆದ್ದು ಬನ್ನಿ. ಟ್ರೋಫಿ ಮೇಜಿನ ಮೇಲಿಟ್ಟು ನಿಮ್ಮ ಪರ ಮಾತಾಡ್ತೀನಿ. ಬರಿಗೈಲಿ ಹೋದ್ರೆ ನನ್ನ ಮಾತು ಯಾರ ಕಿವಿಗೂ ಬೀಳಲ್ಲ."

"ನೀನು ಟೈಪಿಂಗ್ ಪಾಸಾಗಿದ್ದೇ ನನ್ನ ದಯೆಯಿಂದ, ರಾಯ್ಸ್."

"ಅದಕ್ಕೇ ಮೇಡಂ, ಮೊದಲೇ ಹೇಳ್ತಿರೋದು."

ಅದೇ ಸಂಜೆ ಅವರು ವ್ಯಾನಿನ ಬಾಗಿಲಿಗೆ ಒರಗಿ ನಿಂತು ನಮಗೆ ಎಲ್ಲವನ್ನೂ ಹೇಳಿದರು. ಮುಚ್ಚಿಡುವುದು ಅವರಿಗೆ ಬರುತ್ತಿರಲಿಲ್ಲ. ಮಾರ್ನಿ, "ಅಂದ್ರೆ ಗೆಲ್ಬೇಕು ಅಷ್ಟೇ ತಾನೇ?" ಎಂದಳು. ಮಳೆ ಬರುವ ಮುಂಚೆ ಕೊಯ್ಲು ಮುಗಿಸಬೇಕು ಅಷ್ಟೇ ತಾನೇ ಎನ್ನುವ ಧಾಟಿಯಲ್ಲಿ.

ಏಪ್ರಿಲ್ ಕೊನೆಯ ವಾರದ ಪಂದ್ಯಾವಳಿ. ಸುತ್ತಲಿನ ಹತ್ತು ಕಾಲೇಜುಗಳು, ಎರಡು ದಿನದ ಆಟ. ಮೊದಲ ದಿನದ ಕೊನೆಗೆ ಬ್ರೆನ್ಸನ್ ಕಾಲೇಜು ಮುಂದಿತ್ತು, ನಾವು ನಾಲ್ಕು ಹೊಡೆತ ಹಿಂದೆ. ಎರಡನೆಯ ದಿನ ಬೆಳಿಗ್ಗೆ ಮೋಟೆಲಿನ ಮುಂದೆ ನಿಂತು ಆರ್ಡಿಸ್ ತಂದಿದ್ದ ಮಾಂಸ, ಎಲೆಕೋಸು ತುಂಬಿದ ಬನ್ನು ತಿಂದೆವು. ಗಾಳಿ ದಕ್ಷಿಣದಿಂದ ಜೋರಾಗಿ ಬೀಸುತ್ತಿತ್ತು. ಅಂಥ ಗಾಳಿಯಲ್ಲಿ ನನ್ನ ಆಟ ಹಾಳು, ಮಾರ್ನಿಯ ಆಟ ಹಬ್ಬ. ನಾನು ತೊಂಬತ್ತೊಂದು ಹೊಡೆತಗಳಲ್ಲಿ ಮುಗಿಸಿ ತಲೆ ತಗ್ಗಿಸಿಕೊಂಡು ಬಂದೆ. ಐದನೆಯವಳದ್ದು ಲೆಕ್ಕಕ್ಕಿಲ್ಲ ಎನ್ನುವುದೇ ಸಮಾಧಾನ. ಉಳಿದ ಮೂವರು ಚೆನ್ನಾಗಿಯೇ ಆಡಿದ್ದರು. ಮಾರ್ನಿ ಇನ್ನೂ ಮೈದಾನದಲ್ಲಿದ್ದಳು.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಆರ್ಡಿಸ್ ಅವರೇ ಆಮೇಲೆ ಹೇಳಿದ್ದು.

ಹದಿನೆಂಟು ಗುಳಿಗಳ ಆ ಮೈದಾನದಲ್ಲಿ ಹದಿನಾರನೆಯ ಗುಳಿಯ ಈಚೆಗೆ ಒಂದು ಕೆರೆ. ಆರ್ಡಿಸ್ ಕೆರೆಯ ಈ ದಡದಲ್ಲಿ ನಿಂತಿದ್ದರು. ಮಾರ್ನಿಯ ಚೆಂಡು ಆ ಕಡೆಯ ಆಳವಾದ ಮರಳುಗುಂಡಿಗೆ ಬಿತ್ತು. ಅವಳ ಹೊಡೆತ ಬರೆಯುತ್ತಿದ್ದ ಬ್ರೆನ್ಸನ್ ಹುಡುಗಿ ದಿಬ್ಬದ ಆಚೆ ತನ್ನ ಚೆಂಡು ಹುಡುಕುತ್ತಿದ್ದಳು. ಗುಂಡಿಗಿಳಿದ ಮಾರ್ನಿಯ ಸೊಂಟದಿಂದ ಮೇಲಿನ ಭಾಗವಷ್ಟೇ ಕಾಣುತ್ತಿತ್ತು. ಚೆಂಡಿನ ಹತ್ತಿರ ನಿಂತಳು, ಗುಳಿಯ ಕಡೆ ನೋಡಿದಳು. ಆಮೇಲೆ ಅವಳ ಬೆನ್ನು ಬಾಗಿತು, ಎರಡೂ ಭುಜ ಒಟ್ಟಿಗೆ ಹಿಂದಕ್ಕೆ ಬಂದವು, ಒಂದೇ ಸಲ, ನಿಧಾನವಾಗಿ. ಆಮೇಲೆ ಹೊಡೆದಳು. ಚೆಂಡು ಗುಳಿಯಿಂದ ಒಂದು ಮಾರು ದೂರದಲ್ಲಿ ನಿಂತಿತು.

ಬೇರೆ ಯಾರಾದರೂ ನೋಡಿದ್ದರೆ ಹುಡುಗಿ ಮೈ ಸಡಿಲ ಮಾಡಿಕೊಂಡಳು ಅಂದುಕೊಳ್ಳುತ್ತಿದ್ದರು. ಆರ್ಡಿಸ್ ಲಾರ್ಕಿನ್‌ನವರು. ಹಲುಬೆ ಕಾಣದಿದ್ದರೂ ಹಲುಬೆ ಎಳೆಯುವ ಬೆನ್ನು ಅವರಿಗೆ ಗೊತ್ತಿತ್ತು. ತಾನು ಎಳೆದೆ ಎನ್ನುವುದು ಮಾರ್ನಿಗೇ ಗೊತ್ತಿಲ್ಲ ಎಂಬುದೂ ಗೊತ್ತಿತ್ತು. ಹೆದರಿದಾಗ ಕೈ ತನ್ನ ಹಳೆಯ ಊರಿಗೆ ಹೋಗುತ್ತದೆ.

ಇನ್ನೆರಡು ಗುಳಿ ಬಾಕಿ. ಈಗ ಹೇಳಿದರೆ ಹುಡುಗಿ ಕುಸಿದುಹೋಗುತ್ತಾಳೆ, ಸಹಿ ಹಾಕುವ ಮೊದಲು ಹೇಳಿದರಾಯಿತು ಎಂದುಕೊಂಡರು. ಅದು ತಪ್ಪಲ್ಲ. ಸಹಿಗೆ ಮೊದಲು ಎರಡು ಹೊಡೆತ ಸೇರಿಸಿಕೊಂಡರೆ ನಿಯಮದ ಪ್ರಕಾರ ಎಲ್ಲ ಸರಿಹೋಗುತ್ತಿತ್ತು. ಹದಿನೇಳು, ಹದಿನೆಂಟು ಎರಡರಲ್ಲೂ ಅವರು ಮಾರ್ನಿಯ ಜೊತೆ ದೂರದಿಂದಲೇ ನಡೆದರು. ಅವಳು ಎಪ್ಪತ್ತಾರರಲ್ಲಿ ಮುಗಿಸಿ ನಗುತ್ತ ಬಂದು ನೀರು ಕುಡಿಯಲು ಹೋದಳು.

ಆಗ ಆರ್ಡಿಸ್ ಅಂಕಿಗಳನ್ನು ಬರೆಯುವ ಫಲಕದ ಕಡೆ ನೋಡಿದರು. ಬ್ರೆನ್ಸನ್‌ನ ಕೊನೆಯ ಇಬ್ಬರು ಹುಡುಗಿಯರು ಇನ್ನೂ ಬಂದಿರಲಿಲ್ಲ. ಗೆದ್ದರೂ ಕೂದಲೆಳೆಯಲ್ಲಿ ಗೆಲ್ಲುವುದು. ಎರಡು ಹೊಡೆತ ಹೋದರೆ ಎಲ್ಲವೂ ಹೋಯಿತು ಎಂದು ಅವರ ಮನಸ್ಸು ಹೇಳಿತು. ಅವರು ಸಹಿಯ ಮೇಜಿನ ಕಡೆ ಹೋಗಲಿಲ್ಲ. ವಾಹನಗಳು ನಿಂತ ಕಡೆ ಹೋಗಿ ವ್ಯಾನಿನ ಹಿಂಬಾಗಿಲು ತೆಗೆದು, ಮಂಜುಗಡ್ಡೆಯ ಪೆಟ್ಟಿಗೆಯನ್ನು ಕೆಳಗಿಳಿಸಿದರು. ಬ್ಯಾಗುಗಳನ್ನು ಸರಿಸಿದರು. ಪೆಟ್ಟಿಗೆಯನ್ನು ಮತ್ತೆ ಮೇಲಿಟ್ಟರು. ಮತ್ತೆ ಇಳಿಸಿದರು. ಹತ್ತು ನಿಮಿಷ. ವಾಪಸ್ ಬಂದಾಗ ಮಾರ್ನಿಯ ಕಾರ್ಡಿಗೆ ಸಹಿ ಬಿದ್ದಿತ್ತು. ಈಗ ಆ ಕಾರ್ಡು ಸುಳ್ಳು ಕಾರ್ಡು. ಇನ್ನು ಸೇರಿಸುವ ಮಾತಿಲ್ಲ, ಗೊತ್ತಾದರೆ ಅವಳ ಆ ದಿನದ ಆಟವೇ ಅನರ್ಹ.

ಬ್ರೆನ್ಸನ್‌ನವರು ಬಂದರು. ಫಲಕದ ಮೇಲೆ ಅಂಕಿ ಬರೆದರು. ನಾವು ಮೂರು ಹೊಡೆತಗಳಿಂದ ಗೆದ್ದಿದ್ದೆವು.

ನಾವೆಲ್ಲ ಕಿರುಚಿ ಮಾರ್ನಿಯ ಮೇಲೆ ಬಿದ್ದೆವು. ಅವಳ ಟೋಪಿ ಎಲ್ಲೋ ಹಾರಿಹೋಯಿತು. ಆರ್ಡಿಸ್ ಫಲಕದ ಮುಂದೆ ನಿಂತೇ ಇದ್ದರು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆವು. ಅವರು ಕಳೆಯುವ ಲೆಕ್ಕ ಮಾಡುತ್ತಿದ್ದರು. ಮೂರರಲ್ಲಿ ಎರಡು ಹೋದರೆ ಒಂದು. ಸಮಯಕ್ಕೆ ಸರಿಯಾಗಿ ಬಾಯಿ ಬಿಟ್ಟಿದ್ದರೆ ಎರಡು ಸೇರಿಸಿಕೊಂಡೂ ನಾವು ಒಂದು ಹೊಡೆತದಿಂದ ಗೆಲ್ಲುತ್ತಿದ್ದೆವು.

ಅವರು ಪಂದ್ಯಾವಳಿಯ ಮುಖ್ಯಸ್ಥರ ಹತ್ತಿರ ನಡೆದುಹೋಗಿ ಹೇಳಿದರು. ಆ ಮುಖ್ಯಸ್ಥರು ವಯಸ್ಸಾದವರು, ಒಳ್ಳೆಯವರು.

"ನೀವು ಯಾವಾಗ ನೋಡಿದ್ರಿ?" ಎಂದು ಕೇಳಿದರಂತೆ.

"ಅವಳು ಆಡ್ತಿರುವಾಗ್ಲೇ."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. "ಅದನ್ನ ನಾನು ಬರ್ಕೊಳ್ಳೋ ಅಗತ್ಯ ಇಲ್ಲ ಬಿಡಿ" ಎಂದರು. ಆಮೇಲೆ ಮಾರ್ನಿಯನ್ನು ಕರೆದರು.

ಮಾರ್ನಿ ಒಂದು ಕ್ಷಣ ಯೋಚಿಸಿದಳು. ತನ್ನ ಎರಡು ಕೈಗಳನ್ನು ನೋಡಿಕೊಂಡಳು. "ಎಳ್ದಿರ್ಬೇಕು ಸರ್" ಎಂದಳು. "ಹಲುಬೆ ಎತ್ತಿದ್ದು ನೆನಪಿಗೆ ಬರ್ತಿದೆ. ಹೊಡೆದ ಮೇಲೆ ಎತ್ತಿದ್ದು ಅಂದ್ಕೊಂಡಿದ್ದೆ... ಇಲ್ಲ. ಮೊದಲೇ ಎಳೆದೆ."

ಅವಳ ಎಪ್ಪತ್ತಾರು ಹೋಯಿತು, ಅದರ ಜಾಗಕ್ಕೆ ನನ್ನ ತೊಂಬತ್ತೊಂದು ಬಂತು. ಬ್ರೆನ್ಸನ್ ಹನ್ನೆರಡು ಹೊಡೆತಗಳಿಂದ ಗೆದ್ದಿತು. ಎರಡನೆಯ ಸ್ಥಾನವೂ ನಮಗೆ ಉಳಿಯಲಿಲ್ಲ.

ವಾಪಸಾಗುವಾಗ ಮೂರು ಗಂಟೆಯ ದಾರಿ. ಮಾರ್ನಿ ಕೊನೆಯ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಒಮ್ಮೆ ಮಾತ್ರ, ಸಣ್ಣ ದನಿಯಲ್ಲಿ, "ನನ್ನಿಂದ ಆಯ್ತು" ಎಂದಳು. ಮುಂದಿನ ಸೀಟಿನಲ್ಲಿದ್ದ ನನಗೆ ಆರ್ಡಿಸ್ ಅವರ ಕೈ ಸ್ಟಿಯರಿಂಗ್ ಮೇಲೆ ಬಿಗಿಯಾದದ್ದು ಕಾಣಿಸಿತು. ನಾನು ಅದನ್ನು ಸಿಟ್ಟು ಎಂದುಕೊಂಡೆ.

ಮಾರನೆಯ ದಿನ ಟಿಲ್ಮನ್ ತಮ್ಮ ಕೋಣೆಯ ಬಾಗಿಲು ಮುಚ್ಚಿ ಅವರಿಗೆ ಹೇಳಿದರಂತೆ: "ಮೇಡಂ, ಕೈಗೆ ಬಂದ ಟ್ರೋಫಿ ವಾಪಸ್ ಕೊಟ್ಟು ಬಂದಿದೀರಿ. ಮಂಡಳಿಯೋರು ಎದ್ದು ನಿಂತು ಚಪ್ಪಾಳೆ ತಟ್ತಾರೆ. ಆಮೇಲೆ ಕೂತ್ಕೊಂಡು ತಂಡ ಮುಚ್ತಾರೆ."

ಹಾಗೆಯೇ ಆಯಿತು. ಮೇ ತಿಂಗಳ ಸಭೆಯಲ್ಲಿ ಆರ್ಡಿಸ್ ಕ್ರೋಕರ್ ಅವರ ಪ್ರಾಮಾಣಿಕತೆಯನ್ನು ಮೆಚ್ಚಿ ಒಂದು ನಿರ್ಣಯವಾಯಿತು. ಅದರ ಕೆಳಗಿನ ನಿರ್ಣಯದಲ್ಲಿ ಟೆನಿಸ್ ತಂಡವನ್ನೂ ಮಹಿಳಾ ಗಾಲ್ಫ್ ತಂಡವನ್ನೂ ನಿಲ್ಲಿಸಲಾಯಿತು. ಕಾಲೇಜಿನ ಪತ್ರಿಕೆ ಅವರ ಫೋಟೋ ಹಾಕಿ ಸತ್ಯಕ್ಕಾಗಿ ಗೆಲುವು ಬಿಟ್ಟವರು ಎಂದು ಬರೆಯಿತು. ಚರ್ಚಿನಲ್ಲಿ ಪಾದ್ರಿ ಉದಾಹರಣೆ ಕೊಟ್ಟರು. ದಿನಸಿ ಅಂಗಡಿಯಲ್ಲಿ ಹೆಂಗಸರು ಕೈ ಹಿಡಿದುಕೊಂಡು, "ನಿಮ್ಮಂಥೋರು ಈಗೆಲ್ಲಿದಾರೆ ಆರ್ಡಿಸ್" ಎನ್ನುತ್ತಿದ್ದರು. ಅವರು ಆ ಅಂಗಡಿಗೆ ಹೋಗುವುದನ್ನೇ ಬಿಟ್ಟರು.

ನಾನು ಆ ವರ್ಷ ಪದವಿ ಮುಗಿಸಿದೆ. ಉಳಿದ ಹುಡುಗಿಯರಿಗಾಗಿ ಆರ್ಡಿಸ್ ಇಪ್ಪತ್ತಾರು ಕಾಲೇಜುಗಳಿಗೆ ಪತ್ರ ಬರೆದರು, ಎಲ್ಲವನ್ನೂ ತಮ್ಮ ಹಳೆಯ ಟೈಪ್‌ರೈಟರಿನಲ್ಲೇ ಹೊಡೆದು. ಮೂವರಿಗೆ ಜಾಗ ಸಿಕ್ಕಿತು. ಮಾರ್ನಿಯನ್ನು ಕರೆಯಲು ಎರಡು ಕಾಲೇಜಿನವರು ತಯಾರಿದ್ದರು. ಅವಳು ಫೋನಿಗೆ ಸಿಗಲಿಲ್ಲ, ಪತ್ರಕ್ಕೆ ಉತ್ತರ ಬರೆಯಲಿಲ್ಲ.

ಜೂನ್ ತಿಂಗಳಲ್ಲಿ ಒಂದು ದಿನ ಆರ್ಡಿಸ್ ನನಗೆ ಫೋನ್ ಮಾಡಿದರು. "ಲಾರ್ಕಿನ್‌ಗೆ ಹೋಗ್ಬೇಕು. ಜೊತೆಗೆ ಬರ್ತೀಯಾ? ಒಬ್ಳೇ ಹೋದ್ರೆ ಅರ್ಧ ದಾರೀಲಿ ವಾಪಸ್ ಬಂದುಬಿಡ್ತೀನಿ ಅಂತ ಭಯ."

ನಾನು ಇದುವರೆಗೆ ಬರೆದ ಹತ್ತು ನಿಮಿಷದ ವಿಷಯವನ್ನು ಅವರು ನನಗೆ ಹೇಳಿದ್ದು ಆ ದಾರಿಯಲ್ಲಿ. ಎರಡೂ ಕಡೆ ಗೋಧಿ ಕೊಯ್ಯುವ ಯಂತ್ರಗಳು ಧೂಳೆಬ್ಬಿಸುತ್ತಿದ್ದವು.

ಮಾರ್ನಿ ಉಗ್ರಾಣದ ತೂಕದ ಮನೆಯಲ್ಲಿ ತಂದೆಯ ಜಾಗದಲ್ಲಿ ಕೂತಿದ್ದಳು. ಕೊಯ್ಲಿನ ಕಾಲ, ಹೊರಗೆ ಲಾರಿಗಳ ಸಾಲು. ನಮ್ಮನ್ನು ನೋಡಿ ಎದ್ದು ನಿಂತಳು. ಮುಖವೆಲ್ಲ ಹೊಟ್ಟಿನ ಧೂಳು.

"ಕೋಚ್, ಕಾಲೇಜಿನ ವಿಷಯ ಆದ್ರೆ ಬೇಡ. ಅಪ್ಪಂಗೆ ಬೆನ್ನು ನೋವು, ಇಲ್ಲಿ ಕೆಲ್ಸ ಇದೆ."

"ಅದಲ್ಲ ಮಾರ್ನಿ. ಕೂತ್ಕೊ."

"ನಿಂತೇ ಕೇಳ್ತೀನಿ."

ಆರ್ಡಿಸ್ ಹೇಳಿದರು. ಸುತ್ತಿಬಳಸಲಿಲ್ಲ. ಕೆರೆಯ ದಡ, ಎರಡು ಗುಳಿಗಳ ನಡಿಗೆ, ವ್ಯಾನಿನ ಹಿಂಬಾಗಿಲು, ಮಂಜುಗಡ್ಡೆಯ ಪೆಟ್ಟಿಗೆ ಎಲ್ಲವನ್ನೂ ಹೇಳಿದರು. ಮಾರ್ನಿ ಕೇಳುತ್ತ ಕೇಳುತ್ತ ಕಿಟಕಿಯ ಕಡೆ ತಿರುಗಿದಳು.

"ಅಂದ್ರೆ ನಾನು ಸಹಿ ಹಾಕೋವಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಒಂದ್ಸಲ ಬಂದು ಹೇಳಿದ್ರೆ ಎರಡು ಸೇರಿಸ್ಕೊಂಡು ಹಾಕ್ತಿದ್ದೆ. ನಾನು ಯಾವತ್ತಾದ್ರೂ ಇಲ್ಲ ಅಂದಿದ್ನಾ ಕೋಚ್? ಎರಡು ಸಲ ಓಡಿಬಂದು ಹೇಳಿರ್ಲಿಲ್ವಾ?"

"ಹೌದು ಕಣಮ್ಮ. ನೀನು ಹೇಳ್ತಿದ್ದೆ. ಹೇಳದೇ ಇದ್ದೋಳು ನಾನು."

"ಎರಡು ತಿಂಗಳಿಂದ ನಾನು... ಊರಲ್ಲೆಲ್ಲ ನಗ್ತಾರೆ ಕೋಚ್. 'ಲಾರ್ಕಿನ್ ಹುಡುಗಿ ಮರಳು ಸವರಿ ಕಾಲೇಜನ್ನೇ ಸವರಿ ಬಂದ್ಳು' ಅಂತ. ನಾನೂ ನಗ್ತೀನಿ ಅವರ ಜೊತೆ. ಮನೆಗೆ ಹೋಗಿ ಗಾಲ್ಫ್ ಕೋಲುಗಳನ್ನೆಲ್ಲ ತಮ್ಮಂಗೆ ಕೊಟ್ಟೆ."

"ಅದನ್ನ ವಾಪಸ್ ತಗೋ. ಎರಡು ಕಾಲೇಜಿನೋರು..."

"ನೀವು ಯಾಕೆ ಹೇಳ್ಲಿಲ್ಲ?"

ಆರ್ಡಿಸ್, "ತಂಡ ಉಳೀಬೇಕು ಅಂತಿತ್ತು" ಎಂದರು. "ಅಷ್ಟೇ. ಬೇರೆ ಕಾರಣ ಹುಡುಕ್ದೆ, ಸಿಗ್ಲಿಲ್ಲ."

ಹೊರಗೆ ಲಾರಿಯವನು ಹಾರ್ನ್ ಹೊಡೆದ. "ಏ ಮಾರ್ನಿ, ಗೋಧಿ ಮೊಳಕೆ ಬರೋ ತನಕ ಕಾಯ್ಬೇಕೇನೇ?" ಎಂದು ಕೂಗಿದ. ಮಾರ್ನಿ ತೋಳಿನಿಂದ ಮುಖ ಒರೆಸಿಕೊಂಡು ತೂಕದ ಮುಳ್ಳಿನ ಮುಂದೆ ಕೂತಳು. ನಮ್ಮ ಕಡೆ ನೋಡದೆ, "ಹುಷಾರಾಗಿ ಹೋಗಿ ಕೋಚ್. ರಸ್ತೇಲಿ ಯಂತ್ರಗಳಿವೆ" ಎಂದಳು.

ಅವಳು ಮತ್ತೆ ಕಾಲೇಜಿಗೆ ಹೋಗಲಿಲ್ಲ, ಗಾಲ್ಫ್ ಆಡಲಿಲ್ಲ. ಈಗಲೂ ಲಾರ್ಕಿನ್‌ನಲ್ಲಿದ್ದಾಳೆ, ಎರಡು ಮಕ್ಕಳು.

ಆರ್ಡಿಸ್ ಇನ್ನೂ ನಾಲ್ಕು ವರ್ಷ ಕೋಲ್ಮರ್‌ನಲ್ಲಿ ಕಂಪ್ಯೂಟರಿನ ಕೀಲಿಮಣೆ ಕಲಿಸಿ ನಿವೃತ್ತರಾದರು. ಶನಿವಾರಗಳೆಲ್ಲ ಅವರಿಗೆ ವಾಪಸ್ ಬಂದಿದ್ದವು, ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ನಾನು ಹೋದಾಗಲೆಲ್ಲ ಹಳೆಯ ಹುಡುಗಿಯರ ಸುದ್ದಿ ಒಬ್ಬೊಬ್ಬರದಾಗಿ ಕೇಳುತ್ತಿದ್ದರು, ಮಾರ್ನಿಯ ಹೆಸರು ಬಂದಾಗ ಎದ್ದು ಕಾಫಿ ಕಾಯಿಸಲು ಹೋಗುತ್ತಿದ್ದರು. ಪ್ರತಿ ಕ್ರಿಸ್‌ಮಸ್‌ಗೆ ಲಾರ್ಕಿನ್‌ಗೆ ಒಂದು ಕಾರ್ಡು ಕಳಿಸುತ್ತಿದ್ದರು. ಉತ್ತರ ಬಂದಿತ್ತೇ ಎಂದು ನಾನು ಕೇ‍ಳಲಿಲ್ಲ.

2018ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಎಪ್ಪತ್ತಮೂರು ವರ್ಷ. ನಮ್ಮ ಕಡೆ ತಿಳಿದವರು ತಮ್ಮ ನಿಧನದ ವಾರ್ತೆಯನ್ನು ತಾವೇ ಬರೆದಿಟ್ಟು ಹೋಗುವುದುಂಟು. ಊರಿನ ವಾರಪತ್ರಿಕೆ ಅದನ್ನು ಹಾಗೆಯೇ ಹಾಕುತ್ತದೆ. ಆರ್ಡಿಸ್ ಕೂಡ ಟೈಪ್ ಮಾಡಿ ಲಕೋಟೆಯಲ್ಲಿಟ್ಟಿದ್ದರು. ಅವರ ಅಣ್ಣನ ಮಗಳು ಕಾರ್ಲಾ ನನಗೆ ಫೋನ್ ಮಾಡಿದಳು.

"ಲೀಟಾ, ಅತ್ತೆ ಕೊನೇಲಿ ಏನೋ ಬರ್ದಿಟ್ಟಿದಾರೆ ಕಣೇ. ಇದನ್ನೆಲ್ಲ ಪೇಪರಲ್ಲಿ ಹಾಕೋದಾ? ಜನ ಅವರನ್ನ ದೇವರ ಥರ ನೋಡ್ತಾರೆ."

"ಓದು."

ಅವಳು ಓದಿದಳು.

"ಹಾಕು ಕಾರ್ಲಾ. ಅವರು ಬೇಕು ಅಂತಾನೇ ಬರ್ದಿರೋದು."

"ಸತ್ತವರ ಮೇಲೆ ಇದೆಲ್ಲ ಯಾಕೆ ಹೇಳು? ಯಾರಿಗೆ ಬೇಕಾಗಿದೆ?"

ಮಾರ್ನಿಗೆ ಬೇಕಾಗಿದೆ ಎಂದು ನಾನು ಹೇಳಿದೆ. ಕಾರ್ಲಾ ಯೋಚಿಸುತ್ತೇನೆ ಎಂದಳು. ಗುರುವಾರದ ಪತ್ರಿಕೆಯಲ್ಲಿ ಆರ್ಡಿಸ್ ಅವರ ನಗುವ ಫೋಟೋ ಇತ್ತು. ಇಪ್ಪತ್ತೊಂಬತ್ತು ವರ್ಷ ಹುಡುಗಿಯರ ತಂಡ ನಡೆಸಿದರು, ಸತ್ಯಕ್ಕೆ ಹೆಸರಾಗಿದ್ದರು ಎಂದಿತ್ತು. ಆ ಕೊನೆಯ ಸಾಲುಗಳು ಇರಲಿಲ್ಲ. ಕಾರ್ಲಾಳ ಮೇಲೆ ನನಗೆ ಸಿಟ್ಟಿಲ್ಲ, ಅವಳು ಮಾಡಿದ್ದು ಪ್ರೀತಿಯಿಂದ. ಆದರೆ ಲಾರ್ಕಿನ್‌ಗೂ ಆ ಪತ್ರಿಕೆ ಹೋಗುತ್ತದೆ.

ಫೋನಿನಲ್ಲಿ ಕೇಳಿ ನಾನು ಬರೆದುಕೊಂಡ ಆ ಸಾಲುಗಳು ಇವು:

"2006ರ ಏಪ್ರಿಲ್‌ನಲ್ಲಿ ಹೇಳಬೇಕಾದ ಮಾತನ್ನು ನಾನು ಹತ್ತು ನಿಮಿಷ ತಡೆದೆ. ತಂಡ ಮುಚ್ಚಿದ್ದು ಅದರಿಂದ. ಲಾರ್ಕಿನ್‌ನ ಮಾರ್ನಿ ವೋಥ್ ಕೇಳಿದ ಕೂಡಲೇ ನಿಜ ಹೇಳಿದಳು. ನಾನು ಕಲಿಸಿದವರಲ್ಲೆಲ್ಲ ಆಟವನ್ನು ನಿಜವಾಗಿ ಕಲಿತವಳು ಅವಳು. ಇದನ್ನು ಅವಳ ಊರಿನವರು ಓದಲಿ."